ಶ್ರಾವಕರಿಗೆ ಕೇಳಿಸದಾದಾಗ: ಶ್ರವಣ ಸಾಧನಗಳು ಮತ್ತು ಸಮಾಜದ ನೆರವು

ಜೈನ ಗೃಹಸ್ಥರಿಗೆ ಶ್ರಾವಕ, ಶ್ರಾವಿಕೆ ಎಂದು ಹೆಸರು. ಕೇಳುವವರು ಎಂಬುದೇ ಆ ಪದದ ಅರ್ಥ. ನಮ್ಮ ಆಗಮಕ್ಕೆ ಶ್ರುತ ಎನ್ನುತ್ತೇವೆ, ಅಂದರೆ ಕೇಳಿದ್ದು. ಗುರುಗಳ ಬಾಯಿಂದ ಶಿಷ್ಯರ ಕಿವಿಗೆ ಬರುತ್ತಿದ್ದ ಜ್ಞಾನ ನೆನಪಿನಿಂದ ಅಳಿದುಹೋಗಬಾರದೆಂದು ಆಚಾರ್ಯ ಧರಸೇನರ ಶಿಷ್ಯರಾದ ಪುಷ್ಪದಂತ, ಭೂತಬಲಿಗಳು ಷಟ್ಖಂಡಾಗಮವನ್ನು ಬರಹಕ್ಕಿಳಿಸಿದರು. ಅದರ ನೆನಪಿಗೇ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತ ಪಂಚಮಿ ಆಚರಿಸುತ್ತೇವೆ. ಕಿವಿಗೆ ಇಷ್ಟು ದೊಡ್ಡ ಸ್ಥಾನ ಕೊಟ್ಟಿರುವ ಸಮಾಜದಲ್ಲಿ ಕಿವಿ ಮಂದವಾದ ಹಿರಿಯರಿಗೆ ನಾವು ಯಾವ ಜಾಗ ಕೊಟ್ಟಿದ್ದೇವೆ ಎಂಬುದು ಈ ಬರಹದ ವಿಷಯ.

ಹೆಚ್ಚಿನ ಕಡೆ ಅವರಿಗೆ ಸಿಗುವುದು ಹಿಂದಿನ ಸಾಲು. ಪ್ರವಚನ ಅರ್ಥವಾಗುವುದಿಲ್ಲ, ಪಕ್ಕದವರನ್ನು ಪದೇ ಪದೇ ಕೇಳಲು ಸಂಕೋಚ, ನಗು ಬಂದಾಗ ಎಲ್ಲರೊಂದಿಗೆ ನಗುತ್ತಾರೆ. ಒಂದು ಚಾತುರ್ಮಾಸ ಹೀಗೆ ಕಳೆಯುತ್ತದೆ. ಮುಂದಿನ ಚಾತುರ್ಮಾಸಕ್ಕೆ ಅವರು ಬರುವುದೇ ಇಲ್ಲ. ‘ಮೊಣಕಾಲು ನೋವು’ ಎಂದು ಮನೆಯವರು ಹೇಳುತ್ತಾರೆ. ಮೊಣಕಾಲು ನೋವೂ ಇರಬಹುದು.

ವೇಮಗಲ್ ಕಡೆಯ ಮನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೋಲಾರ ತಾಲ್ಲೂಕಿನ ಈ ಹೋಬಳಿ ಕೇಂದ್ರ ಈಗ ಕೈಗಾರಿಕಾ ಪ್ರದೇಶವೂ ಹೌದು. ಕೋಲಾರವು ಪಶ್ಚಿಮ ಗಂಗರ ಮೊದಲ ರಾಜಧಾನಿ ಕುವಳಾಲ. ಜೈನ ಧರ್ಮಕ್ಕೆ ಆಶ್ರಯ ಕೊಟ್ಟ ಅರಸರ ಊರು. ಆದರೂ ಇಂದು ಈ ಜಿಲ್ಲೆಯಲ್ಲಿ ಜೈನ ಮನೆಗಳು ಕಡಿಮೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಅಲ್ಲೊಂದು ಇಲ್ಲೊಂದು ಚದುರಿವೆ. ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ಸಂಘ ಶಿಬಿರ ಮಾಡಿದರೆ ನೂರಾರು ಜನ ಸೇರುತ್ತಾರೆ. ಹತ್ತು ಮನೆಗಳಿರುವ ಊರಿನ ಹಿರಿಯರಿಗೆ ಯಾರು ಶಿಬಿರ ಮಾಡುತ್ತಾರೆ? ಆದ್ದರಿಂದ ಇಂಥ ಕಡೆ ಮನೆಯವರಿಗೇ ಮಾಹಿತಿ ಇರಬೇಕು.

ಜಾಣ ಕಿವುಡು ಎಂಬ ಆರೋಪ

‘ಅಪ್ಪನಿಗೆ ಬೇಕಾದ್ದೆಲ್ಲ ಕೇಳಿಸ್ತದೆ, ಬೇಡದ್ದು ಕೇಳಿಸಲ್ಲ. ಜಾಣ ಕಿವುಡು!’ ಈ ಮಾತು ಆಡದ ಮನೆ ಅಪರೂಪ. ಮಗ ಕರೆದರೆ ತಿರುಗಿ ನೋಡುವ ಮಾವ, ಸೊಸೆ ಅದೇ ಮಾತು ಹೇಳಿದರೆ ಸುಮ್ಮನಿರುತ್ತಾರೆ. ಸೊಸೆಗೆ ನೋವಾಗುತ್ತದೆ. ಮಾವನಿಗೆ ತನ್ನ ಮೇಲೆ ಯಾಕೆ ಸಿಟ್ಟು ಎಂಬುದೇ ತಿಳಿಯುವುದಿಲ್ಲ.

ಇದರಲ್ಲಿ ಜಾಣತನ ಏನೂ ಇಲ್ಲ. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು ಸವೆಯುತ್ತವೆ. ಮೊದಲು ಸವೆಯುವುದು ಎತ್ತರದ, ಕೀರಲು ದನಿಗಳನ್ನು ಹಿಡಿಯುವ ಕೋಶಗಳು. ಗಂಡಸಿನ ದಪ್ಪ ದನಿ ಕೇಳಿಸುತ್ತದೆ. ಹೆಂಗಸರ, ಮಕ್ಕಳ ಸಣ್ಣ ದನಿ ಜಾರಿಹೋಗುತ್ತದೆ. ಮಾತಿನೊಳಗೂ ಹೀಗೆಯೇ. ಆ, ಓ, ಊ ಮುಂತಾದ ಸ್ವರಗಳಿಗೆ ಬಲ ಹೆಚ್ಚು, ಅವು ಕೆಳಗಿನ ಶ್ರುತಿಯವು. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಕ್ಷೀಣ, ಮೇಲಿನ ಶ್ರುತಿಯವು. ಸ್ವರ ಮುಟ್ಟುತ್ತದೆ, ವ್ಯಂಜನ ಮುಟ್ಟುವುದಿಲ್ಲ. ‘ಕಾಳು’ ಎಂದರೋ ‘ತಾಳು’ ಎಂದರೋ ಗೊತ್ತಾಗುವುದಿಲ್ಲ. ನಮ್ಮ ದೊಡ್ಡಪ್ಪ ಇದನ್ನು ನಾಲ್ಕೇ ಮಾತಿನಲ್ಲಿ ಹೇಳುತ್ತಿದ್ದರು: ‘ಸೌಂಡು ಬರ್ತದೆ, ಮಾತು ಬರಲ್ಲ.’ ವರ್ಷಗಳ ನಂತರ ಆಡಿಯಾಲಜಿಸ್ಟ್ ಒಬ್ಬರು ಆಡಿಯೋಗ್ರಾಂ ತೋರಿಸಿ ವಿವರಿಸಿದಾಗ, ದೊಡ್ಡಪ್ಪ ಹೇಳಿದ್ದೂ ಇದೇ ಅಲ್ಲವೇ ಎನಿಸಿತು.

ಕೂಗಿ ಹೇಳಿದರೆ ಪ್ರಯೋಜನ ಕಡಿಮೆ ಎಂಬುದಕ್ಕೂ ಕಾರಣ ಇಲ್ಲಿಯೇ ಇದೆ. ಕೂಗಿದಾಗ ಸ್ವರಗಳು ಇನ್ನಷ್ಟು ಜೋರಾಗುತ್ತವೆ, ವ್ಯಂಜನಗಳು ಹಿಂದೆಯೇ ಉಳಿಯುತ್ತವೆ. ಜೊತೆಗೆ ಕೂಗುವವರ ಮುಖ ಸಿಟ್ಟಿನ ಮುಖವಾಗಿ ಕಾಣುತ್ತದೆ. ಹತ್ತಿರ ಹೋಗಿ, ಭುಜ ಮುಟ್ಟಿ ಗಮನ ಸೆಳೆದು, ಬೆಳಕಿಗೆ ಮುಖ ಕೊಟ್ಟು, ಸಾಧಾರಣ ದನಿಯಲ್ಲಿ ನಿಧಾನವಾಗಿ ಹೇಳಿ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದೇ ಪದಗಳನ್ನು ಮೂರು ಸಲ ಹೇಳಬೇಡಿ, ಮಾತು ಬದಲಿಸಿ ಹೇಳಿ. ‘ಏನಿಲ್ಲ ಬಿಡಿ’ ಎಂದು ಮಾತ್ರ ಹೇಳಬೇಡಿ. ಕಿವಿ ಮಂದವಾದವರನ್ನು ಆ ಎರಡು ಪದ ನೋಯಿಸುವಷ್ಟು ಬೇರೇನೂ ನೋಯಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಶ್ರವಣ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಶ್ರವಣ ದೋಷಕ್ಕಾಗಿ ಪುನರ್ವಸತಿ ಸೇವೆ ಬೇಕು. ವಯಸ್ಸು ಒಂದೇ ಕಾರಣವಲ್ಲ. ನಮ್ಮ ಕಡೆ ಶಬ್ದವೂ ದೊಡ್ಡ ಕಾರಣ. ಕಲ್ಲು ಕ್ವಾರಿ, ಕ್ರಷರ್, ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳು, 2001ರಲ್ಲಿ ಮುಚ್ಚುವವರೆಗೆ ಕೆ.ಜಿ.ಎಫ್. ಗಣಿಯ ಡ್ರಿಲ್ಲಿಂಗ್. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಮಿತಿ. 95ಕ್ಕೆ ಏರಿದರೆ ನಾಲ್ಕೇ ಗಂಟೆ, 100ಕ್ಕೆ ಎರಡೇ ಗಂಟೆ. ಮನೆಯ ಯುವಕರು ಇಂಥ ಕಡೆ ಕೆಲಸಕ್ಕಿದ್ದರೆ ಕಿವಿಗೆ ಹಾಕುವ ಪ್ಲಗ್ ಅಥವಾ ಮಫ್ ಕೊಟ್ಟಿದ್ದಾರೆಯೇ, ಕೊಟ್ಟದ್ದನ್ನು ಹಾಕುತ್ತಾರೆಯೇ ಎಂದು ಕೇಳಿ. ಶಬ್ದದಿಂದ ಹೋದ ಶ್ರವಣ ಮರಳಿ ಬರುವುದಿಲ್ಲ. ನಮ್ಮದೇ ಮೆರವಣಿಗೆಗಳಲ್ಲಿ ಮಕ್ಕಳನ್ನು ಸ್ಪೀಕರ್ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸುವುದನ್ನೂ ಬಿಡಬೇಕು.

ಕಿವಿ ಮಂದವಾದದ್ದನ್ನು ‘ವಯಸ್ಸಾಯ್ತಲ್ಲ’ ಎಂದು ಬಿಡುವುದರಿಂದ ಆಗುವ ನಷ್ಟ ಮಾತುಕತೆಗೆ ಸೀಮಿತವಲ್ಲ. ಮರೆಗುಳಿ ರೋಗದ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ, ತಡೆಯಲು ಸಾಧ್ಯವಿರುವ 14 ಅಪಾಯಗಳ ಪಟ್ಟಿಯಲ್ಲಿ ಶ್ರವಣ ದೋಷವನ್ನು ಅತಿ ದೊಡ್ಡವುಗಳ ಸಾಲಿನಲ್ಲಿ ಇಟ್ಟಿದೆ.

ಮೊದಲು ಪರೀಕ್ಷೆ, ಆಮೇಲೆ ಮೆಷಿನ್

ಕಿವಿ ಕೇಳಿಸುತ್ತಿಲ್ಲ ಎಂದರೆ ನೇರವಾಗಿ ಮೆಷಿನ್ ಅಂಗಡಿಗೆ ಹೋಗಬೇಡಿ, ಆನ್‌ಲೈನ್‌ನಲ್ಲಿ ತರಿಸಲೂ ಬೇಡಿ. ಕಿವಿಯಲ್ಲಿ ಗುಗ್ಗೆ ತುಂಬಿಕೊಂಡಿರಬಹುದು. ಅದನ್ನು ತೆಗೆಸಿದರೆ ಸಾಕು. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಔಷಧ ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬಿಸಿ ಎಣ್ಣೆ ಬಿಡುವುದು, ಬೆಂಕಿಕಡ್ಡಿ, ಹೇರ್‌ಪಿನ್ ಹಾಕುವುದು, ಬಸ್ ನಿಲ್ದಾಣದಲ್ಲಿ ಕಿವಿ ಶುಚಿ ಮಾಡುವವರ ಮುಂದೆ ಕೂರುವುದು ಇವೆಲ್ಲ ಇದ್ದ ಕಿವಿಯನ್ನೂ ಕಳೆಯುವ ದಾರಿಗಳು. ಒಂದು ಎಚ್ಚರಿಕೆ: ನಿನ್ನೆ ಸರಿಯಿದ್ದ ಕಿವಿ ಇಂದು ಬೆಳಗ್ಗೆ ಏಕಾಏಕಿ ಕೇಳಿಸದಿದ್ದರೆ ಅದು ತುರ್ತು ಸ್ಥಿತಿ. ಅದೇ ದಿನ ಇ.ಎನ್.ಟಿ. ವೈದ್ಯರನ್ನು ಕಾಣಬೇಕು. ಮೊದಲ ಕೆಲವು ದಿನಗಳಲ್ಲಿ ಚಿಕಿತ್ಸೆ ಸಿಕ್ಕರೆ ಶ್ರವಣ ಮರಳುವ ಸಾಧ್ಯತೆ ಹೆಚ್ಚು.

ವೇಮಗಲ್ ಕಡೆಯವರಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳು ಕೋಲಾರದಲ್ಲಿಯೇ ಇವೆ. ನಗರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ. ಆಳವಾದ ಪರೀಕ್ಷೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದ, ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ ಈ ಸಂಸ್ಥೆಯನ್ನು ಜನ ‘ಆಯಿಷ್’ ಎಂದೇ ಕರೆಯುತ್ತಾರೆ. ದೇಶದ ನಾನಾ ಕಡೆಯಿಂದ ಜನ ಮೈಸೂರಿಗೆ ಬರುತ್ತಾರೆ. ನಮಗೆ ಅದು ನಮ್ಮ ರಾಜ್ಯದಲ್ಲೇ ಇದೆ. ವೇಮಗಲ್‌ನಿಂದ ಇನ್ನೂರು ಕಿಲೋಮೀಟರಿಗೂ ದೂರ, ಹಿರಿಯರನ್ನು ಕರೆದುಕೊಂಡು ಹೋಗಿ ಬರುವುದು ಸುಲಭವಲ್ಲ, ನಿಜ. ಆದರೆ ಮಗುವಿನ ವಿಷಯವಾದರೆ ಆ ಪ್ರಯಾಣ ಮಾಡಲೇಬೇಕು ಎಂದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಕೋಲಾರದವರಿಗೆ ಇನ್ನೂ ಹತ್ತಿರ.

ಪರೀಕ್ಷೆಯ ವೇಳೆ ಒಂದು ಮಾತು ತಪ್ಪದೇ ಹೇಳಿ. ಸದ್ದು ಕೇಳಿಸುತ್ತದೆಯೇ ಎಂಬ ಪರೀಕ್ಷೆಯ ನಂತರ ಪದಗಳನ್ನು ಕೇಳಿಸಿ, ಕೇಳಿದ್ದನ್ನು ಮರಳಿ ಹೇಳಿಸುವ ಪರೀಕ್ಷೆ ಇರುತ್ತದೆ. ಅದಕ್ಕೆ ಕನ್ನಡದಲ್ಲಿ ಪದಪಟ್ಟಿಗಳಿವೆ. ಕೋಲಾರ ಸೀಮೆಯಲ್ಲಿ ಮನೆಮಾತು ತೆಲುಗೋ ತಮಿಳೋ ಆಗಿರಬಹುದು. ವ್ಯಾಪಾರಸ್ಥ ಜೈನ ಮನೆಗಳಲ್ಲಿ ಮಾರವಾಡಿ, ಗುಜರಾತಿ ಇರುತ್ತದೆ. ಬಾರದ ಭಾಷೆಯಲ್ಲಿ ಪರೀಕ್ಷೆ ಮಾಡಿದರೆ ಅಂಕ ಕಡಿಮೆ ಬರುತ್ತದೆ, ಕಿವಿಯ ಮೇಲೆ ಅನಗತ್ಯ ಆರೋಪ ಬೀಳುತ್ತದೆ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂಬುದನ್ನು ಮೊದಲೇ ತಿಳಿಸಿ.

ಮೆಷಿನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕನ್ನಡಕ ಹಾಕಿದೊಡನೆ ಅಕ್ಷರ ಸ್ಪಷ್ಟವಾಗುವಂತೆ ಶ್ರವಣಯಂತ್ರ ಹಾಕಿದೊಡನೆ ಮಾತು ಸ್ಪಷ್ಟವಾಗುವುದಿಲ್ಲ. ಈ ನಿರೀಕ್ಷೆಯಿಂದಲೇ ಎಷ್ಟೋ ಮೆಷಿನ್‌ಗಳು ಬೀರು ಸೇರಿವೆ. ಐದಾರು ವರ್ಷ ಸರಿಯಾಗಿ ಕೇಳಿಸದೆ ಇದ್ದ ಮಿದುಳಿಗೆ ಫ್ಯಾನಿನ ಸದ್ದು, ಪಾತ್ರೆಯ ಸದ್ದು, ತನ್ನದೇ ದನಿ ಎಲ್ಲವೂ ಒಮ್ಮೆಲೇ ನುಗ್ಗುತ್ತದೆ. ಒಗ್ಗಿಕೊಳ್ಳಲು ವಾರಗಳೇ ಬೇಕು. ಮೊದಲು ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ, ಒಬ್ಬರೊಡನೆ ಮಾತು, ಆಮೇಲೆ ಟಿ.ವಿ.; ಕೊನೆಗೆ ಬಸದಿ, ಮದುವೆ ಮನೆ. ಮೊದಲ ದಿನವೇ ಮದುವೆ ಮನೆಗೆ ಹಾಕಿಸಿಕೊಂಡು ಹೋದರೆ ಎರಡನೇ ದಿನ ಅವರು ಅದನ್ನು ಮುಟ್ಟುವುದಿಲ್ಲ.

ಕಿವಿಯ ಹಿಂದೆ ಕೂರುವುದು, ಕಿವಿಯೊಳಗೆ ಕೂರುವುದು, ಜೇಬಿನಲ್ಲಿಟ್ಟು ವೈರಿನಿಂದ ಕೇಳುವುದು ಎಂದು ಹಲವು ಬಗೆ. ಕೆಲವು ಸಾವಿರದಿಂದ ಲಕ್ಷ ದಾಟಿದ ಬೆಲೆಯವೂ ಇವೆ. ಬೆಲೆ ಹೆಚ್ಚಾದಷ್ಟೂ ಕಿವಿಗೆ ಒಳ್ಳೆಯದೆಂದಲ್ಲ. ಹಿರಿಯರಿಗೆ ನಾನು ಕಂಡಂತೆ ಕಿವಿಯ ಹಿಂದೆ ಕೂರುವ ಮಾದರಿಯೇ ವಾಸಿ. ನಡುಗುವ ಬೆರಳಿಗೆ ಹಿಡಿಯಲು ಸಿಗುತ್ತದೆ, ಬಿದ್ದರೆ ಕಾಣುತ್ತದೆ. ಕಾಣದಂತೆ ಒಳಗೆ ಕೂರುವ ಪುಟ್ಟ ಮೆಷಿನ್ ಮಕ್ಕಳ ಮರ್ಯಾದೆಗೆ ಚೆನ್ನ, ಅಪ್ಪನ ಬೆರಳಿಗೆ ಕಷ್ಟ. ಜೋರಾದ ಮೆಷಿನ್‌ಗೆ ಅವರ ಕಿವಿಯ ಅಳತೆಯ ಅಚ್ಚು ಮಾಡಿಸಬೇಕು. ಅಚ್ಚು ಸಡಿಲವಾದರೆ ‘ಕುಂಯ್’ ಎಂದು ಸದ್ದು ಬರುತ್ತದೆ. ಕೊಳ್ಳುವಾಗ ಆಡಿಯಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಹೊಂದಿದ್ದಾರೆಯೇ ಎಂದು ವಿಚಾರಿಸಿ. ಕೆಲವು ದಿನ ಹಾಕಿ ನೋಡಲು ಅವಕಾಶ ಕೇಳಿ. ಶ್ರವಣಯಂತ್ರಕ್ಕೆ ಜಿ.ಎಸ್.ಟಿ. ಇಲ್ಲ ಎಂಬುದೂ ನೆನಪಿರಲಿ.

ಸೆಲ್ ವಿಷಯಕ್ಕೆ ಬಂದರೆ, ಅವುಗಳ ಮೇಲಿನ ಬಣ್ಣದ ಚೀಟಿ ಅಳತೆಯ ಗುರುತು: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಎಲ್ಲ ಕಂಪನಿಗಳಿಗೂ ಇದೇ ಬಣ್ಣ. ಇವು ಗಾಳಿ ತಾಗಿ ಕೆಲಸ ಮಾಡುವ ಸೆಲ್‌ಗಳು. ಚೀಟಿ ಕಿತ್ತ ಮೇಲೆ ಒಂದು ನಿಮಿಷ ಬಿಟ್ಟು ಹಾಕಬೇಕು. ಒಮ್ಮೆ ಕಿತ್ತರೆ ಮೆಷಿನ್‌ನಲ್ಲಿ ಹಾಕದಿದ್ದರೂ ಸೆಲ್ ಖರ್ಚಾಗುತ್ತಲೇ ಇರುತ್ತದೆ. ಕೆಲಸ ಮಾಡುತ್ತಿಲ್ಲ ಎಂದು ಮೂಲೆಗೆ ಹಾಕಿದ ಮೆಷಿನ್‌ಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ಸೆಲ್ ಮುಗಿದಿರುತ್ತದೆ, ಅಥವಾ ಕೊಳವೆಯಲ್ಲಿ ಗುಗ್ಗೆ ಕಟ್ಟಿರುತ್ತದೆ.

ದೂರವೇ ಶತ್ರು

ಎಷ್ಟೇ ಒಳ್ಳೆಯ ಮೆಷಿನ್ ಆದರೂ ಅದರ ಮೈಕು ಇರುವುದು ಕೇಳುವವರ ಕಿವಿಯ ಬಳಿ, ಮಾತಾಡುವವರ ಬಾಯಿಯ ಬಳಿ ಅಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 60 ಇದ್ದ ಮಾತು ಎಂಟು ಮೀಟರಿನಲ್ಲಿ 42. ಅಷ್ಟರಲ್ಲಿ ಫ್ಯಾನು, ಗಂಟೆ, ಮಕ್ಕಳ ಓಡಾಟ ಎಲ್ಲವೂ ಹತ್ತಿರದಿಂದ ಬಂದು ಸೇರಿರುತ್ತವೆ. ಕಲ್ಲಿನ ಬಸದಿ, ಗ್ರಾನೈಟ್ ಹಾಸಿದ ಸಭಾಭವನಗಳಲ್ಲಿ ಒಂದು ಮಾತಿನ ಬಾಲ ಮುಂದಿನ ಮಾತಿನ ತಲೆಯ ಮೇಲೆ ಬೀಳುತ್ತದೆ. ಸ್ಪೀಕರಿನ ಸದ್ದು ಏರಿಸಿದರೆ ಮಾರ್ದನಿಯೂ ಏರುತ್ತದೆ. ‘ಮೈಕ್ ಇದೆಯಲ್ಲ, ಇನ್ನೇನು ಬೇಕು’ ಎನ್ನುವವರಿಗೆ ಇದು ಉತ್ತರ.

ಈ ದೂರವನ್ನು ದಾಟಿಸುವುದೇ ಸಹಾಯಕ ಶ್ರವಣ ಸಾಧನಗಳ ಕೆಲಸ. ಅವುಗಳಲ್ಲಿ ಹಳೆಯದೊಂದು ಇಂಡಕ್ಷನ್ ಲೂಪ್. 1937ರಲ್ಲೇ ಇಂಗ್ಲೆಂಡಿನಲ್ಲಿ ಜೋಸೆಫ್ ಪೋಲಿಯಾಕಾಫ್ ಇದಕ್ಕೆ ಪೇಟೆಂಟ್ ಪಡೆದಿದ್ದರು. ಸಭಾಂಗಣದ ಸುತ್ತ ನೆಲದಂಚಿಗೆ ಒಂದು ತಾಮ್ರದ ತಂತಿ ಎಳೆದು, ಅದನ್ನು ವಿಶೇಷ ಆಂಪ್ಲಿಫೈಯರ್ ಮೂಲಕ ಮೈಕಿಗೆ ಜೋಡಿಸುತ್ತಾರೆ. ತಂತಿಯಲ್ಲಿ ಹರಿಯುವ ವಿದ್ಯುತ್ತಿನಿಂದ ಕೋಣೆಯಲ್ಲಿ ಕಾಂತಕ್ಷೇತ್ರ ಏಳುತ್ತದೆ. ಶ್ರವಣಯಂತ್ರದೊಳಗೆ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಇದ್ದರೆ, ‘ಟಿ’ ಸ್ವಿಚ್ ಒತ್ತಿದಾಗ ಅದು ಆ ಕ್ಷೇತ್ರವನ್ನು ನೇರವಾಗಿ ಹಿಡಿಯುತ್ತದೆ. ಮಾತಾಡುವವರು ಕಿವಿಯಲ್ಲೇ ಹೇಳಿದಂತೆ ಕೇಳಿಸುತ್ತದೆ, ಸುತ್ತಲಿನ ಗದ್ದಲ ಹೊರಗೇ ಉಳಿಯುತ್ತದೆ. ಹೊರದೇಶಗಳ ಪ್ರಾರ್ಥನಾ ಮಂದಿರ, ರೈಲು ಟಿಕೆಟ್ ಕೌಂಟರುಗಳಲ್ಲಿ ನೀಲಿ ಹಲಗೆಯ ಮೇಲೆ ಕಿವಿ ಮತ್ತು ‘ಟಿ’ ಅಕ್ಷರ ಕಂಡರೆ ಅಲ್ಲಿ ಲೂಪ್ ಇದೆ ಎಂದರ್ಥ. ಹೊಸ ಸಭಾಭವನ ಕಟ್ಟಿಸುತ್ತಿರುವ ಸಂಘಗಳು ನೆಲಹಾಸಿನ ಮೊದಲೇ ಈ ತಂತಿಯ ವಿಚಾರ ಮಾಡಿದರೆ ಖರ್ಚು ಕಡಿಮೆ. ಆದರೆ ಆರ್.ಸಿ.ಸಿ.ಯ ಕಬ್ಬಿಣ ಕಾಂತಕ್ಷೇತ್ರವನ್ನು ಕುಗ್ಗಿಸುತ್ತದೆ, ಆದ್ದರಿಂದ ಬಲ್ಲವರಿಂದ ಅಳತೆ ಮಾಡಿಸಿಯೇ ಹಾಕಿಸಬೇಕು. ಇನ್ನೊಂದು ತೊಡಕು ಇದೆ. ಇತ್ತೀಚಿನ ಪುಟ್ಟ ಮೆಷಿನ್‌ಗಳಲ್ಲಿ ಜಾಗವಿಲ್ಲವೆಂದು ಟೆಲಿಕಾಯಿಲ್ ಬಿಟ್ಟಿರುತ್ತಾರೆ. ಕೊಳ್ಳುವ ಮೊದಲೇ ಕೇಳಬೇಕು. 2022ರಲ್ಲಿ ಪ್ರಕಟವಾದ ಆರಾಕಾಸ್ಟ್ ಎಂಬ ಬ್ಲೂಟೂತ್ ವಿಧಾನ ಮುಂದೆ ಲೂಪಿನ ಜಾಗ ಹಿಡಿಯಬಹುದು. ಅದಕ್ಕೆ ಕಾದು ಕೂರಬೇಕಾಗಿಲ್ಲ.

ಸಣ್ಣ ಊರುಗಳಿಗೆ ಇನ್ನೂ ಸರಳವಾದ ದಾರಿ, ಪ್ರವಾಸಿ ತಂಡಗಳ ಗೈಡ್‌ಗಳು ಬಳಸುವ ವೈರ್‌ಲೆಸ್ ಸೆಟ್. ಮಾತಾಡುವವರ ಬಳಿ ಒಂದು ಪುಟ್ಟ ಟ್ರಾನ್ಸ್‌ಮಿಟರ್, ಕೇಳುವವರ ಕೊರಳಲ್ಲಿ ರಿಸೀವರ್ ಮತ್ತು ಇಯರ್‌ಫೋನ್. ಮೆಷಿನ್ ಇಲ್ಲದ ಹಿರಿಯರಿಗೂ ಆಗುತ್ತದೆ, ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಊರಿಂದೂರಿಗೆ ಒಯ್ಯಬಹುದು. ಹತ್ತು ಮನೆಗಳ ಸಂಘಕ್ಕೆ ನಾನು ಸೂಚಿಸುವುದು ಇದನ್ನೇ. ಫೋನೂ ಕೆಲಸಕ್ಕೆ ಬರುತ್ತದೆ. ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಆಪ್ ಎದುರಿನವರು ಆಡಿದ್ದನ್ನು ಕನ್ನಡ ಅಕ್ಷರಗಳಲ್ಲೇ ತೋರಿಸುತ್ತದೆ. ಪ್ರವಚನದ ಪ್ರಾಕೃತ, ಸಂಸ್ಕೃತ ಪದಗಳು ಬಂದಾಗ ಅದು ಬರೆಯುವುದನ್ನು ನೋಡಿದರೆ ನಗು ಬರುತ್ತದೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ, ವೈದ್ಯರ ಎದುರಿನಲ್ಲಿ ಬಹಳ ಉಪಯೋಗ.

ಮೈಕ್ ಇಲ್ಲದ ಪ್ರವಚನ

ಇಲ್ಲಿ ನಮ್ಮ ಸಮಾಜಕ್ಕೇ ವಿಶೇಷವಾದ ಒಂದು ಪ್ರಶ್ನೆ ಇದೆ. ಶ್ವೇತಾಂಬರ ಪರಂಪರೆಯ ಅನೇಕ ಸಾಧು ಸಾಧ್ವಿಗಳು ತೇಜಸ್ಕಾಯ ಜೀವಗಳ ಹಿಂಸೆಯಾಗಬಾರದೆಂದು ವಿದ್ಯುತ್ತನ್ನೂ ಮೈಕನ್ನೂ ಬಳಸುವುದಿಲ್ಲ. ಸ್ಥಾನಕವಾಸಿ, ತೇರಾಪಂಥದ ಸಾಧುಗಳ ಬಾಯಿಯ ಮೇಲೆ ಮುಖವಸ್ತ್ರಿಕೆ ಇರುತ್ತದೆ. ಕಿವಿ ಮಂದವಾದವರು ಅರಿವಿಲ್ಲದೆಯೇ ತುಟಿಯ ಚಲನೆ ನೋಡಿ ಅರ್ಧ ಮಾತು ಊಹಿಸುತ್ತಾರೆ. ಆ ದಾರಿಯೂ ಮುಚ್ಚುತ್ತದೆ. ಇದು ಯಾರ ತಪ್ಪೂ ಅಲ್ಲ. ವ್ರತ ಅವರದು, ಅದನ್ನು ಸಡಿಲಿಸಿ ಎಂದು ಕೇಳುವುದು ಶ್ರಾವಕರ ಕೆಲಸವಲ್ಲ.

ಆದರೆ ವ್ಯವಸ್ಥೆ ಶ್ರಾವಕರ ಕೆಲಸ. ಕೇಳಿಸದವರಿಗೆ ಮೊದಲ ಸಾಲನ್ನು ಕಾದಿರಿಸಬಹುದು. ಈಗ ಆ ಸಾಲು ಬಹಳ ಕಡೆ ದಾನಿಗಳಿಗೆ, ಪದಾಧಿಕಾರಿಗಳಿಗೆ ಮೀಸಲು. ನೆಲದ ಮೇಲೆ ದಪ್ಪ ಜಮಖಾನೆ, ಗೋಡೆಗೆ ಪರದೆ ಹಾಕಿದರೆ ಮಾರ್ದನಿ ತಗ್ಗುತ್ತದೆ, ವಿದ್ಯುತ್ತೂ ಬೇಡ. ಓದು ಬಲ್ಲ ಯುವಕ ಯುವತಿಯರಿಬ್ಬರು ಪ್ರವಚನದ ಸಾರವನ್ನು ದೊಡ್ಡ ಅಕ್ಷರದಲ್ಲಿ ಎರಡು ಪುಟ ಬರೆದು ಕೊಟ್ಟರೆ ಹಿರಿಯರು ಅದನ್ನು ಮನೆಯಲ್ಲಿ ನಾಲ್ಕು ಸಲ ಓದುತ್ತಾರೆ. ಷಟ್ಖಂಡಾಗಮ ಬರಹಕ್ಕಿಳಿದದ್ದೂ ಕೇಳಿದ್ದು ಕಳೆದುಹೋಗಬಾರದೆಂದೇ. ಚಾತುರ್ಮಾಸ ಎಂದರೆ ನಾಲ್ಕು ತಿಂಗಳು ಅದೇ ಗುರುಗಳು, ಅದೇ ಕೋಣೆ, ಅದೇ ಹೊತ್ತು. ಮೊದಲ ವಾರ ಒಮ್ಮೆ ಶ್ರಮಪಟ್ಟರೆ ನಾಲ್ಕು ತಿಂಗಳು ಫಲ ಕೊಡುತ್ತದೆ.

ಸಾಮಾಯಿಕ, ಪ್ರತಿಕ್ರಮಣದಲ್ಲಿ ಕುಳಿತಾಗ ಸೆಲ್ ಹಾಕಿದ ಶ್ರವಣಯಂತ್ರ ಕಿವಿಯಲ್ಲಿ ಇರಬಹುದೇ ಎಂದು ಕೆಲವರು ಕೇಳುತ್ತಾರೆ. ಸಂಪ್ರದಾಯದಿಂದ ಸಂಪ್ರದಾಯಕ್ಕೆ ರೂಢಿ ಬೇರೆ. ನಿಮ್ಮ ಗುರುಗಳನ್ನೇ ನೇರವಾಗಿ ಕೇಳಿ. ಕೇಳದೆಯೇ, ‘ತೆಗೆದಿಡಬೇಕೇನೋ’ ಎಂಬ ಸಂಕೋಚದಿಂದ ಹಿರಿಯರು ತಾವಾಗಿಯೇ ಮೆಷಿನ್ ಬಿಚ್ಚಿಟ್ಟು ಏನೂ ಕೇಳಿಸದೆ ಕೂರುವುದು ಮಾತ್ರ ಆಗಬಾರದು.

ಸರ್ಕಾರದ ನೆರವು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎರಡು ಪದಗಳನ್ನು ಬಿಡಿಸಿ ಹೇಳುತ್ತದೆ. ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು. 60ರಿಂದ 70ರ ನಡುವೆ ಇದ್ದರೆ ಮಂದ ಶ್ರವಣ. 50 ಡೆಸಿಬೆಲ್ ನಷ್ಟದ ಹಿರಿಯರಿಗೆ ಬದುಕು ಕಷ್ಟವೇ, ಆದರೆ ಅವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಇದೊಂದು ದೊಡ್ಡ ಕೊರತೆ ಎಂದೇ ನನಗನಿಸುತ್ತದೆ. ಒಳಗೆ ಬರುವವರು ವಿಶಿಷ್ಟ ಗುರುತಿನ ಚೀಟಿ, ಅಂದರೆ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಬೇಕು. ಅರ್ಜಿ ಆನ್‌ಲೈನ್‌ನಲ್ಲಿ, ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರ ಕೆಲಸವೇ ಇದು. ನಮ್ಮ ಜನ ಅವರನ್ನು ಕಾಣುವುದು ಕಡಿಮೆ.

ಮೆಷಿನ್ ಕೊಡುವ ಕೇಂದ್ರದ ಯೋಜನೆಗಳು ಮುಖ್ಯವಾಗಿ ಎರಡು. 1981ರಿಂದ ನಡೆಯುತ್ತಿರುವ ಅಡಿಪ್ ಯೋಜನೆ ವಿಕಲಚೇತನರಿಗೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ 60 ದಾಟಿದವರಿಗೆ. ಎರಡಕ್ಕೂ ಆದಾಯ ಮಿತಿ ಇದೆ. ವಯೋಶ್ರೀಗೆ ಬಿ.ಪಿ.ಎಲ್. ಚೀಟಿ ಅಥವಾ ತಿಂಗಳಿಗೆ 15,000 ರೂಪಾಯಿ ಮೀರದ ಆದಾಯ. ಜೈನರೆಂದರೆ ಎಲ್ಲರೂ ಉಳ್ಳವರು ಎಂಬ ಭಾವನೆ ಹೊರಗೂ ಇದೆ, ನಮ್ಮೊಳಗೂ ಇದೆ. ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಸಣ್ಣ ಜಮೀನಿನ ರೈತರು, ಬಸದಿಯ ಇಂದ್ರರು, ಒಂಟಿ ವಿಧವೆಯರು ನಮ್ಮಲ್ಲೂ ಇದ್ದಾರೆ. ಕೇಳಲು ಅವರಿಗೆ ನಾಚಿಕೆ, ಕೊಡಿಸಲು ನಮಗೆ ಮರೆವು.

ಮಗುವಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅದಕ್ಕೇ ಪ್ರತ್ಯೇಕ ಬರಹ ಬೇಕು. ಹುಟ್ಟಿದ ಮಗುವಿಗೆ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಮೆಷಿನ್ ಮತ್ತು ತರಬೇತಿ ಎಂಬುದು ಜಗತ್ತೆಲ್ಲ ಒಪ್ಪಿರುವ ಕ್ರಮ. ‘ನಮ್ಮ ವಂಶದಲ್ಲಿ ಮಾತು ತಡವಾಗಿಯೇ ಬರೋದು’ ಎಂದು ಅಜ್ಜಿ ಹೇಳಿದರೂ ಕಾಯಬೇಡಿ. ಕಾಕ್ಲಿಯರ್ ಇಂಪ್ಲಾಂಟ್‌ಗೆ ಅಡಿಪ್‌ನಲ್ಲಿ ನೆರವಿದೆ, ಆದರೆ ವಯಸ್ಸಿನ ಮಿತಿ ಕಟ್ಟುನಿಟ್ಟು. ಕಾದವರಿಗೆ ಅದು ತಪ್ಪಿಹೋಗುತ್ತದೆ.

ಶಿಬಿರದ ಎರಡನೇ ದಿನ

ಮಹಾವೀರ ಜಯಂತಿಗೆ, ಪುಣ್ಯತಿಥಿಗೆ ಶ್ರವಣಯಂತ್ರ ವಿತರಣೆ ಮಾಡುವ ಸಂಘಗಳಿವೆ. ಒಳ್ಳೆಯದೇ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಶಿಬಿರದಲ್ಲಿ ನಾನೂ ಓಡಾಡಿದ್ದೆ. ಬೆಳಗ್ಗೆ ಪರೀಕ್ಷೆ, ಮಧ್ಯಾಹ್ನ ವೇದಿಕೆಯ ಮೇಲೆ ಮೆಷಿನ್, ಫೋಟೋ, ಊಟ. ಮೂರು ತಿಂಗಳ ನಂತರ ಕೆಲವರ ಮನೆಗೆ ಹೋಗಿ ನೋಡಿದೆವು. ಹೆಚ್ಚಿನವು ಡಬ್ಬಿಯಲ್ಲೇ ಇದ್ದವು. ಒಬ್ಬರಿಗೆ ಸೆಲ್ ಎಲ್ಲಿ ಸಿಗುತ್ತದೆಂದು ಗೊತ್ತಿರಲಿಲ್ಲ, ಇನ್ನೊಬ್ಬರಿಗೆ ಅಚ್ಚು ನೋಯುತ್ತಿತ್ತು, ಮತ್ತೊಬ್ಬ ಅಜ್ಜಿ ಅದನ್ನು ದೇವರ ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ನಾವು ದಾನ ಕೊಟ್ಟಿದ್ದೆವು, ಶ್ರವಣ ಕೊಟ್ಟಿರಲಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶ್ರವಣಯಂತ್ರ ಯಾವುದಕ್ಕೆ ಸೇರುತ್ತದೆ ಎಂದು ಒಬ್ಬರು ಆಗ ಕೇಳಿದ್ದರು. ಔಷಧ ದಾನವೂ ಹೌದು, ಶಾಸ್ತ್ರ ಕೇಳಿಸುವುದರಿಂದ ಶಾಸ್ತ್ರ ದಾನವೂ ಹೌದು ಎಂದು ಪಂಡಿತರೊಬ್ಬರು ನಗುತ್ತಾ ಉತ್ತರ ಕೊಟ್ಟರು. ಯಾವ ದಾನವೇ ಆಗಲಿ, ಅದಕ್ಕೆ ಎರಡನೇ ದಿನ ಬೇಕು. ನೂರು ಮೆಷಿನ್‌ಗೆ ಇಟ್ಟ ಹಣದಲ್ಲಿ ಅರವತ್ತೇ ಕೊಳ್ಳಿ. ಉಳಿದದ್ದನ್ನು ಅಚ್ಚಿಗೆ, ರಿಪೇರಿಗೆ, ಒಂದು ವರ್ಷದ ಸೆಲ್‌ಗೆ, ಹದಿನೈದನೇ ದಿನ ಮತ್ತು ಮೂರನೇ ತಿಂಗಳು ಆಡಿಯಾಲಜಿಸ್ಟ್ ಮರಳಿ ಬರುವುದಕ್ಕೆ ತೆಗೆದಿಡಿ. ಬಸದಿಯ ಕಚೇರಿಯಲ್ಲಿ ನಾಲ್ಕೂ ಬಣ್ಣದ ಸೆಲ್‌ಗಳ ಪೆಟ್ಟಿಗೆ ಇಡಿ. ಮೆಷಿನ್ ಒರೆಸಿ, ಸೆಲ್ ಬದಲಿಸಿ, ಕೊಳವೆ ಊದಿ ಕೊಡಲು ಊರಿನ ಇಬ್ಬರು ಹುಡುಗರಿಗೆ ಕಲಿಸಿದರೆ ಅರ್ಧ ದೂರು ಅಲ್ಲೇ ತೀರುತ್ತದೆ. ತಪಾಸಣೆಗೆ ಪರ್ಯೂಷಣ, ದಶಲಕ್ಷಣದ ದಿನಗಳು ಸೂಕ್ತ. ಚದುರಿದ ಮನೆಗಳವರೂ ಆಗ ಒಂದೆಡೆ ಸೇರಿರುತ್ತಾರೆ.

ಕ್ಷಮಾವಾಣಿಯ ದಿನ ದೂರದ ಹಿರಿಯರಿಗೆ ಫೋನ್ ಮಾಡಿ ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತೇವೆ. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದೆ ಇಡುತ್ತೇವೆ. ವಿಡಿಯೋ ಕರೆ ಮಾಡಿ, ಮುಖ ಕಾಣಲಿ. ಅಥವಾ ನಾಲ್ಕು ಸಾಲು ಬರೆದು ಕಳಿಸಿ.

ಕೊನೆಯದಾಗಿ ಆಸ್ಪತ್ರೆಯ ವಿಷಯ. ಹಿರಿಯರನ್ನು ದಾಖಲು ಮಾಡುವಾಗ ಒಡವೆಯ ಜೊತೆ ಶ್ರವಣಯಂತ್ರವನ್ನೂ ಬಿಚ್ಚಿ ಮನೆಗೆ ಕಳಿಸುತ್ತಾರೆ. ಆಮೇಲೆ ವೈದ್ಯರು ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ, ‘ಪ್ರಜ್ಞೆ ಸರಿಯಿಲ್ಲ’ ಎಂದು ಬರೆಯುತ್ತಾರೆ. ಕೊನೆಯ ದಿನಗಳಲ್ಲಿ, ಸಲ್ಲೇಖನ ಸ್ವೀಕರಿಸಿದವರ ಬಳಿ ಕುಳಿತು ಣಮೋಕಾರ ಹೇಳುವಾಗಲೂ ಅವರ ಮೆಷಿನ್ ಕಪಾಟಿನಲ್ಲಿರುತ್ತದೆ. ನಮ್ಮ ದೊಡ್ಡಪ್ಪನ ವಿಷಯದಲ್ಲಿ ಹೀಗೇ ಆಯಿತು. ಮೂರನೇ ದಿನ ಯಾರಿಗೋ ನೆನಪಾಗಿ ಹೊಸ ಸೆಲ್ ಹಾಕಿ ಕಿವಿಗೆ ಇಟ್ಟಾಗ ಅವರ ತುಟಿಗಳು ಮಂತ್ರದ ಜೊತೆ ಅಲುಗಿದವು. ಒಂದು ಪುಟ್ಟ ಡಬ್ಬಿಯ ಮೇಲೆ ಹೆಸರು ಬರೆದು, ಮೆಷಿನ್ ಮತ್ತು ಎರಡು ಹೊಸ ಸೆಲ್ ಹಾಕಿ, ಹಾಸಿಗೆಯ ತಲೆದಿಸೆಯಲ್ಲಿ ‘ಇವರಿಗೆ ಕಿವಿ ಮಂದ, ಮೆಷಿನ್ ಹಾಕಿ ಮಾತಾಡಿಸಿ’ ಎಂದು ದೊಡ್ಡದಾಗಿ ಬರೆದು ಅಂಟಿಸಿ.